ಸರ್ವೆ

ಲಾಡಸಾಬ ಉಸ್ತಾದ ಆ ಮರಾ ಕಣ್ಣೀಲೆ ಕಂಡಾಂವಲ್ಲ.
ಅವರಪ್ಪನೂ ಕಂಡಿರಲಿಲ್ಲ, ಅವರಜ್ಜನೂ.
ವಿಜಾಪುರದ ಗೋರಿ ಗ್ವಾಡಿ ಮ್ಯಾಲ
ಹಳೇ ಮಂದಿ ಕೆತ್ತಿದ್ದ ನೋಡಿ ಕೆತ್ತಿದವರು,
ಅವರು ಕೆತ್ತಿದ್ದ ನೋಡಿ ಇವ.

ಸರ್ವೆ ಅಂತಿದ್ದ ಅದಕ್ಕ.
ಕೆಳಗ ಸಣ್ಣ, ನಡಕ ದಪ್ಪ,
ಮ್ಯಾಲ ದೀಪದ ಕುಡಿ ಹಂಗ ಚೂಪ.
ಕುಡಿ ತುಸು ವಾಲಬೇಕು, ಬಲಕ್ಕ.
"ನೆಟ್ಟಗ ಕೆತ್ತಿದಿ ಅಂದ್ರ ಭರ್ಚಿ ಆಗತದ,
ಭಾಳ ಬಗ್ಗಿಸಿದಿ ಅಂದ್ರ ಸೀರಿ ಸೆರಗಿನ ಮಾವಿನಕಾಯಿ.
ನಡುವ ನಿಂದರ್ಸು.
ಗಾಳಿಗಿ ಬಗ್ಗ್ಯದ, ಮುರದಿಲ್ಲ, ಅಷ್ಟ."

ಏಳು ವರ್ಷ ಅವನ ಕೈಕೆಳಗಿದ್ದೆ ನಾ, ವಡ್ಡರ ಹುಡುಗ.
ಕಲ್ಲು ಒಡಿಯೂದು ನಮ್ಮ ಮನಿ ವಿದ್ಯಾ;
ಒಡೀದಂಗ ಬಿಡೂದು ಅವ ಕಲಿಸಿದ.

ಮರದ ಬುಡಕ್ಕ ಮೂರು ಗೆರಿ ಕೊರೀತಿದ್ದ,
ಹಾವಿನಂಗ ಹೊಳ್ಳಿ ಮಳ್ಳಿ.
ಏನವು? ಅಂದೆ.
"ನೀರು," ಅಂದ. "ನೀರಿನ ದಂಡಿ ಮರ ಇದು.
ಎಲಿ ಉದುರಸೂದಿಲ್ಲಂತ.
ಅದಕ್ಕ ಸತ್ತವರ ತಲಿದಿಂಬಿಗಿ ಇಡತಾರ."
ಎಲ್ಲಿ ನೀರು? ಏಪ್ರಿಲ್ ತಿಂಗಳು,
ಬಾವ್ಯಾಗ ಕೊಡ ಮುಳುಗತಿರಲಿಲ್ಲ,
ಟ್ಯಾಂಕರ್ ಹಾರ್ನಿಗೆ ಓಣಿಗಿ ಓಣಿನ ಓಡತಿತ್ತು.
ನಾವು ಒಣ ಕಲ್ಲಿನಾಗ ಹೊಳಿ ಕೊರಕೋತ ಕುಂತಿದ್ದಿವಿ.

ಅವನ ತಾಯಿ ಬೀಬೀಜಾನ ಮಣ್ಣಾದದ್ದು ಹಳೇ ಕೊಲ್ಹಾರದಾಗ.
ಗಂಡ ಸತ್ತ ಮ್ಯಾಲ ತವರಿಗಿ ಬಂದು
ಗಡಿಗಿ ಮೊಸರು ಮಾರಿ ಮಗನ್ನ ಬೆಳಸಿದಾಕಿ.
ತಲಿಗಲ್ಲಿಗಿ ಇಪ್ಪತ್ತು ದಿನ ತಗೊಂಡ.
ಹೆಸರು ಬರೀಲಿಲ್ಲ.
"ಆಕಿಗಿ ಓದಾಕ ಬರ್ತಿರಲಿಲ್ಲ," ಅಂದ.
ಮರ ಒಂದ. ಬುಡಕ್ಕ ಮೂರರ ಬದಲಿ ನಾಕು ಗೆರಿ.
ಕೃಷ್ಣಾ ಆಗ ದೂರಿತ್ತು,
ಗೋರಿಯಿಂದ ಎರಡು ಬೀಡಿ ಸೇದೂವಷ್ಟು ದೂರ.

ಆಮ್ಯಾಲ ಇನ್ನೊಂದು ಸರ್ವೆ ಬಂತು.
ಸರಪಳಿ, ಮುಕ್ಕಾಲಿ, ಕೆಂಪು ಬಣ್ಣದ ಡಬ್ಬಿ.
ಮನಿ ಗ್ವಾಡಿಗಿ ನಂಬರು, ಬೇವಿನ ಗಿಡಕ್ಕ ನಂಬರು,
ಗಿಡಕ್ಕ ಇಷ್ಟು ರೂಪಾಯಿ, ಬಾವಿಗಿ ಇಷ್ಟು.
ಉಸ್ತಾದ ಹೋಗಿ ಕೈ ಕಟ್ಟಿ ನಿಂತ:
"ಸಾಹೇಬ್ರ, ಗೋರ್ಯಾಗ ಒಂದು ಮರ ಅದ, ಬರಕೋರಿ."
ಎಳೇ ವಯಸ್ಸಿನ ಸಾಹೇಬ ಕಲ್ಲು ನೋಡಿದ, ನಗಲಿಲ್ಲ.
ಕಾಗದದ ಕಟ್ಟು ಹೊಳ್ಳಿಸಿದ,
ಬೇವು, ಹುಣಸಿ, ಜಾಲಿ...
"ಇದರ ರೇಟು ನಮ್ಮಲ್ಲಿಲ್ರಿ," ಅಂದ, ಖರೇನ ಬ್ಯಾಸರದಿಂದ.

ಆಲಮಟ್ಟಿ ಬಾಗಲಾ ಹಾಕ್ತು.
ಊರು ದಿನ್ನಿ ಏರ್ತು.
ಗೋರಿಗಿ ಏರಾಕ ಕಾಲಿಲ್ಲ.

ಈ ಸಲ ಮೇ ತಿಂಗಳದಾಗ ನೀರು ಇಳದಾವಂತ
ಅಂಬಿಗೇರ ದ್ಯಾವಪ್ಪ ಫೋನ್ ಹಚ್ಚಿದ.
ಉಸ್ತಾದಗ ಈಗ ಕಣ್ಣು ಮಸಕ, ಬಲಗೈ ನಡಗತದ.
ಹರಗೋಲದಾಗ ಕುಂಡರ್ಸಿಕೊಂಡು ಒಯ್ದೆ.
ಮಸೂತಿ ಮೆಟ್ಟಲಾ ಮೂರು ಹೊರಗ ಬಂದಿದ್ದವು,
ಯಾರದೋ ಒಳ್ಳು, ಯಾರದೋ ಹೊಸ್ತಿಲ.
ಕಪ್ಪಿಚಿಪ್ಪು ತುಳಕೋತ ಹ್ವಾದಿವಿ,
ಪಟಪಟ ಒಡೀತಿದ್ದವು.

ನಿಂತಿತ್ತು.
ಬುಡಕ್ಕ ಖರೇ ನೀರು ಬಡೀತಿತ್ತು,
ನಾಕು ಗೆರಿ ಕೆಳಗ ಐದನೇದು.
ಬಯಲಗಲ್ಲಿನ ಪಾಚಿ ಬಿಸಲಿಗಿ ಒಣಗಿ ಉದುರಿತ್ತು;
ಉಳಿ ಇಳದಲ್ಲಿ ಅಷ್ಟ ಹಸಿ ಹಿಡದು
ಬೇರಿನಿಂದ ಕುಡಿತನಕ ಹಸರ.

ನಾ ಟವೆಲ್ ತೊಯ್ಸಿ ತಿಕ್ಕಾಕ ಹ್ವಾದೆ.
"ತಿಕ್ಕಬ್ಯಾಡೋ," ಅಂದ ಬೆರಳೀಲೆ ಸವರಿಕೋತ,
"ಇಪ್ಪತ್ತು ವರ್ಷ ಹಿಡದದ ಅದಕ್ಕ ಚಿಗಿಯಾಕ."

ಭಾಳ ಹೊತ್ತು ಕುಂತಿವಿ.
ದ್ಯಾವಪ್ಪ ಹರಗೋಲದ ನೀರು ಹೊರಗ ಚೆಲ್ಲತಿದ್ದ.
"ಕುಡಿ ಯಾ ಕಡೆ ವಾಲ್ಯದ ನೋಡು, ನನಗ ಕಾಣವಲ್ದು."
ಬಲಕ್ಕರಿ.
"ಗಾಳಿ?"

ನಾ ಬೆರಳು ತೊಯ್ಸಿ ಎತ್ತಿ ಹಿಡದೆ.